ಎಳೆಗಿಚ್ಚು

ಹುಲ್ಲನ್ನು ಕಿವಿಯ ಹತ್ತಿರ ಹಿಡಿದು ಮುರಿಯಬೇಕು.
ಲಟಕ್ಕೆಂದರೆ ತಡವಾಯಿತು.
ಮುರಿಯದೆ ಬಾಗಿ ಗೊಣಗಿದರೆ
ಇನ್ನೂ ಎರಡು ದಿನ.
ಇವೆರಡರ ನಡುವೆ ಒಂದು ಸದ್ದಿದೆ. ಹೆಸರಿಲ್ಲ ಅದಕ್ಕೆ.
ನನ್ನ ಅತ್ತೆ ಅಯುವೊ ಅದನ್ನು
ಹಲ್ಲಿಲ್ಲದ ಬಾಯಲ್ಲಿ ಮಾಡಿ ತೋರಿಸುತ್ತಿದ್ದಳು.

ಮಳೆ ಹೋಗಿ ಇಪ್ಪತ್ತು ದಿನ.
ಕಪ್ಪು ವೋಲ್ಟಾ ನದಿಯ ಈ ದಂಡೆಯಲ್ಲಿ
ಹುಲ್ಲು ನನಗಿಂತ ಎತ್ತರ:
ತುದಿ ಹಳದಿ, ನಡು ಹಸಿರು,
ಬುಡದಲ್ಲಿ ಬೆಳಗಿನ ಇಬ್ಬನಿ ಇನ್ನೂ ಆರಿಲ್ಲ.
ಮರಳುಗಾಡಿನ ಗಾಳಿ ಹೊರಟಿಲ್ಲ.
ಅದು ಬಂದ ಮೇಲೆ
ಬೆಂಕಿ ಯಾರ ಮಾತೂ ಕೇಳುವುದಿಲ್ಲ.

ಬೆಂಕಿ ಎಲ್ಲರಿಗೂ ಬೇಕು, ಒಂದೇ ಬೆಂಕಿಯಲ್ಲ.
ನನ್ನ ಗಂಡ ಕುಸಿಯೆಲೆಗೆ ಬೇಟೆಯ ಬೆಂಕಿ:
ಗರಿಗರಿ ಒಣಗಲಿ, ಮೊಲ ತಾನಾಗಿ ಬಲೆಗೆ ಓಡಿ ಬರಲಿ.
ಉತ್ತರದಿಂದ ದನ ಹೊಡೆದುಕೊಂಡು ಬರುವ ಫುಲಾನಿ ಯೆರೊ
ಸುಟ್ಟಲ್ಲಿ ಏಳುವ ಬೆರಳುದ್ದ ಚಿಗುರನ್ನು ಹೊಗಳುತ್ತಾನೆ,
ಬಯಲೆಲ್ಲ ಸುಟ್ಟರೆ ಶಾಪ ಹಾಕುತ್ತಾನೆ.
ಜೇನಿನ ಬಯೋರನಿಗೆ ಹೊಗೆ ಸಾಕು.
ಅರಣ್ಯದ ಗಾರ್ಡಿಗೆ ಯಾವುದೂ ಬೇಡ;
ಶಾಲೆಯ ಗೋಡೆಗೆ ಒಂದು ಪೋಸ್ಟರ್ ಅಂಟಿಸಿ ಹೋಗಿದ್ದಾನೆ,
ಅದರಲ್ಲಿ ಮರಕ್ಕೆ ಕಣ್ಣಿದೆ, ಕಣ್ಣಲ್ಲಿ ನೀರಿದೆ.

ನನಗೆ ಬೇಕಾದದ್ದು ಶಿಯಾ ಮರದ ಹೂವು.
ನಲವತ್ತಮೂರು ಮರ. ಯಾರೂ ನೆಟ್ಟದ್ದಲ್ಲ,
ಉಳುವಾಗ ಯಾರೋ ಕಡಿಯದೆ ಬಿಟ್ಟದ್ದು.
ಅದರ ಬೀಜ ಕುಟ್ಟಿ, ಹುರಿದು, ಕಲಸಿ ತೆಗೆದ ಬೆಣ್ಣೆಯಲ್ಲೇ
ನನ್ನ ಉಪ್ಪು, ಮಗಳ ಪರೀಕ್ಷೆಯ ಫೀಸು,
ಗಂಡನಿಗೆ ಲೆಕ್ಕ ಹೇಳಬೇಕಿಲ್ಲದ ನಾಲ್ಕು ಕಾಸು.

ಒಂದು ವರ್ಷ ಪೋಸ್ಟರಿನ ಮಾತು ಕೇಳಿದೆವು.
ಹುಲ್ಲು ನಿಂತೇ ಬಲಿಯಿತು, ಬೆಂಕಿಯೂ ಎಲ್ಲೋ ಬಲಿಯುತ್ತಿತ್ತು.
ಫೆಬ್ರವರಿಯಲ್ಲಿ, ನಡುಮಧ್ಯಾಹ್ನ,
ರಸ್ತೆ ಬದಿಯಲ್ಲಿ ಲಾರಿಯವರು ಗೆಣಸು ಸುಟ್ಟು ಹೋದ ಒಲೆಯಿಂದ
ಬಂತು.
ಬೆಂಕಿ ಬಿದ್ದಾಗ ಬಾವಿ ತೋಡುವವರನ್ನು ನಗುತ್ತಾರಲ್ಲ,
ನಮಗೆ ಗುದ್ದಲಿ ಹುಡುಕಲೂ ಹೊತ್ತಾಗಲಿಲ್ಲ.
ಮರದ ನೆತ್ತಿಯ ಮೇಲೆ ಹಾದು ಹೋಯಿತು.
ಹೂಗೊಂಚಲು ಕೊಂಬೆಯಲ್ಲೇ ಕಾಫಿಪುಡಿಯ ಬಣ್ಣವಾಗಿ ನಿಂತವು.
ಆ ಮೇ ತಿಂಗಳು ನನ್ನ ಬುಟ್ಟಿಗೆ ಬಿದ್ದದ್ದು
ಹನ್ನೊಂದು ಹಣ್ಣು.
ಗಾರ್ಡು ಬಂದು ದಂಡ ಬರೆದ. ಯಾರ ಹೆಸರಿಗೆ ಅಂತ
ಅವನಿಗೂ ತಿಳಿಯಲಿಲ್ಲ.

ಇವತ್ತು ಸದ್ದು ಸಿಕ್ಕಿತು.

ನೆಲದೊಡೆಯ ಹೂಂ ಅಂದ.
ಮರದ ಬುಡಕ್ಕೆಲ್ಲ ಗುದ್ದಲಿಯಿಂದ ಬಳೆ ತೊಡಿಸಿದ್ದಾಯಿತು.
ಬಿಸಿಲಿಳಿದ ಮೇಲೆ, ಗಾಳಿಗೆ ಎದುರು ಮುಖ ಮಾಡಿ
ಒಂದು ಹಿಡಿ ಹುಲ್ಲಿಗೆ ಕೊಳ್ಳಿ ಮುಟ್ಟಿಸುತ್ತೇನೆ.
ಎಳೆಗಿಚ್ಚು. ಮೊಣಕಾಲೆತ್ತರ.
ಅಂಬೆಗಾಲಿಡುತ್ತದೆ, ಹಸಿ ಸಿಕ್ಕಲ್ಲಿ ಮುನಿಸಿಕೊಂಡು ಕೂರುತ್ತದೆ,
ಒಂದು ಪಟ್ಟಿ ತಿಂದು ಒಂದು ಪಟ್ಟಿ ಬಿಡುತ್ತದೆ.
ಬಿಟ್ಟದ್ದು ಯೆರೊನ ದನಕ್ಕೆ. ತಿಂದದ್ದು
ನಾಳೆ ಬರುವ ದೊಡ್ಡ ಬೆಂಕಿಗೆ ಉಪವಾಸ.
ಕುಸಿಯೆಲೆ ಬಲೆ ಮಡಚಿಕೊಂಡು ಬೈಯುತ್ತ ಮನೆಗೆ ಹೋದ.

ಕಡ್ಡಿಪೊಟ್ಟಣ ನನಗೆ ಕೊಡು ಅನ್ನುತ್ತಾನೆ ಮೊಮ್ಮಗ ಝಿಯೆಂ.
ಹಸಿ ಸೊಪ್ಪಿನ ಕೊಂಬೆ ಕೊಟ್ಟೆ.
ಮೂರು ವರ್ಷ ಆರಿಸು,
ಆಮೇಲೆ ಹಚ್ಚುವುದರ ಮಾತು.
ಹಾಗಂದಾಗ ನನ್ನ ಬಾಯಲ್ಲಿ
ಅಯುವೊಳ ಒಸಡಿನ ರುಚಿ ಬಂತು.

ಆದರೂ ಒಂದು ಮಾತು ಯಾರಿಗೂ ಹೇಳಿಲ್ಲ:
ಈಚೆಗೆ ಮಳೆ ಹೋದಂತೆ ಮಾಡಿ ತಿರುಗಿ ಬರುತ್ತದೆ,
ಇಬ್ಬನಿ ಕೆಲವು ವಾರ ನಾಪತ್ತೆ.
ಹೋದ ವರ್ಷ ಸದ್ದು ಸಿಗುವ ಮೊದಲೇ
ಲಟಕ್ಕೆಂದಿತು.

ರಾತ್ರಿ. ಬಯಲು ಕಪ್ಪು, ಅಲ್ಲಲ್ಲಿ ಕಂಬಳಿಗೆ ತೇಪೆ ಹಾಕಿದಂತೆ ಹುಲ್ಲು.
ಎಲ್ಲ ಆರಿದೆ.
ಸತ್ತ ಮರದ ಒಂದು ಬುಡ ಮಾತ್ರ
ಒಳಗೊಳಗೇ ಇನ್ನೂ ಏನೋ ಹೇಳಿಕೊಳ್ಳುತ್ತಿದೆ.
ಬಿಂದಿಗೆ ಇಳಿಸಿ ಪಕ್ಕದಲ್ಲಿ ಕೂತಿದ್ದೇನೆ.
ಅರ್ಧ ಸುರಿದಿದ್ದೇನೆ.
ಉಳಿದರ್ಧ ಕೈಯಲ್ಲಿದೆ.